ಕನ್ಹೇರಿಯ ಹಳ್ಳಿ, ಬ್ರಹ್ಮಪುರಿಯ ಮಣ್ಣು

ಡಿಸೆಂಬರ್ ಬಂತೆಂದರೆ ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಶಾಲೆಗಳ ಪ್ರವಾಸದ ಬಸ್ಸುಗಳು ಪುಣೆ ಹೆದ್ದಾರಿ ಹಿಡಿಯುತ್ತವೆ. ಸ್ತವನಿಧಿ ಘಾಟ್ ದಾಟಿ, ನಿಪ್ಪಾಣಿ, ಕಾಗಲ್ ಹಿಂದೆ ಹಾಕಿ, ಗೋಕುಳ ಶಿರಗಾಂವದ ಹತ್ತಿರ ಹೊರಳಿದರೆ ಕನ್ಹೇರಿಯ ಸಿದ್ಧಗಿರಿ ಮಠ. ಸಂಕೇಶ್ವರದಿಂದ ಸುಮಾರು ಒಂದು ತಾಸಿನ ದಾರಿ. ಜಿಲ್ಲೆ ಕೊಲ್ಲಾಪುರ, ರಾಜ್ಯ ಮಹಾರಾಷ್ಟ್ರ. ಆದರೆ ಕಾಡಸಿದ್ಧೇಶ್ವರರ ಆ ಗದ್ದುಗೆಗೆ ನಡೆದುಕೊಳ್ಳುವವರಲ್ಲಿ ಕನ್ನಡಿಗರು ಬಹಳ. ಮಠದ ಆವರಣದಲ್ಲಿ ನಡೆದಾಡಿದರೆ ಕಿವಿಗೆ ಬೀಳುವುದು ಎರಡೂ ಭಾಷೆ, ಒಮ್ಮೊಮ್ಮೆ ಒಂದೇ ವಾಕ್ಯದಲ್ಲಿ.

ಆ ಮಠದ ಈಗಿನ ಪೀಠಾಧಿಪತಿ ಅದೃಶ್ಯ ಕಾಡಸಿದ್ಧೇಶ್ವರ ಸ್ವಾಮೀಜಿ ಕಟ್ಟಿಸಿದ ಗ್ರಾಮಜೀವನ ವಸ್ತುಸಂಗ್ರಹಾಲಯವನ್ನು ನಮ್ಮ ಕಡೆ ನೋಡದವರು ಕಡಿಮೆ. ಬಯಲಿನಲ್ಲಿ, ಮರಗಳ ನಡುವೆ, ಆಳೆತ್ತರದ ಸಿಮೆಂಟಿನ ಪ್ರತಿಮೆಗಳಲ್ಲಿ ಒಂದು ಇಡೀ ಊರನ್ನು ನಿಲ್ಲಿಸಿದ್ದಾರೆ. ಪ್ರತಿಮೆಗಳು 300ರ ಆಸುಪಾಸು. ಮೊದಲು ಗುಹೆಯಂಥ ದಾರಿಯಲ್ಲಿ ಪ್ರಾಚೀನ ಋಷಿಗಳೂ ಶಾಸ್ತ್ರಕಾರರೂ ಎದುರಾಗುತ್ತಾರೆ. ಅಲ್ಲಿಂದ ಹೊರಬಿದ್ದರೆ ಊರು. ಕುಂಬಾರ ತಿಗರಿಯ ಮುಂದೆ, ಕಮ್ಮಾರ ಕುಲುಮೆಯ ಮುಂದೆ, ಚಮಗಾರ ತೊಗಲಿನ ಮುಂದೆ, ನೇಕಾರ ಮಗ್ಗದ ಮುಂದೆ. ಗಾಣ ತಿರುಗಿಸುವ ಎತ್ತು. ಬಾವಿಯ ಕಟ್ಟೆಯಲ್ಲಿ ಮಾತಿಗೆ ನಿಂತ ಹೆಣ್ಣುಮಕ್ಕಳು. ಕಣದಲ್ಲಿ ರಾಶಿ ಮಾಡುವ ಒಕ್ಕಲಿಗರು. ಮರಾಠಿಯವರ ಬಾರಾ ಬಲುತೇದಾರ, ನಮ್ಮ ಹನ್ನೆರಡು ಆಯಗಾರರು: ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ದು, ವರ್ಷವಿಡೀ ಊರಿನ ಕೆಲಸ ಮಾಡಿಕೊಡುತ್ತಿದ್ದವರು. ಅವರೆಲ್ಲ ಅಲ್ಲಿದ್ದಾರೆ. ಮಕ್ಕಳು ಓಡುತ್ತಾ ನೋಡುತ್ತಾರೆ. ಮುದುಕರು ನಿಂತು ನೋಡುತ್ತಾರೆ.

ಹೋದಾಗಲೆಲ್ಲ ನಾನು ಗಮನಿಸುವುದು ಈ ಮುದುಕರನ್ನೇ. ಹೊಲದ ದೃಶ್ಯದ ಮುಂದೆ ಒಬ್ಬ ಅಜ್ಜ ಮೊಮ್ಮಗನಿಗೆ ಕೂರಿಗೆಯ ವಿಷಯ ಹೇಳುತ್ತಿದ್ದರು. ಮೇಲೆ ಮರದ ಬಟ್ಟಲು, ಅದರ ತಳದ ತೂತುಗಳಿಂದ ಇಳಿಯುವ ಬಿದಿರಿನ ಕೊಳವೆಗಳು, ಒಂದೊಂದು ಕೊಳವೆ ಒಂದೊಂದು ತಾಳಿನ ಹಿಂದೆ. ಎತ್ತು ಮುಂದೆ ನಡೆದಂತೆ ಹಿಂದೆ ಬರುವ ಹೆಣ್ಣುಮಗಳು ಮುಷ್ಟಿಯಿಂದ ಕಾಳು ಬಿಡುತ್ತಾ ಹೋಗಬೇಕು. ಕೈ ಸಡಿಲಾದರೆ ಬೆಳೆ ದಟ್ಟ, ಬಿಗಿಯಾದರೆ ವಿರಳ. ಬಿತ್ತಿದವರ ಕೈ ಹೇಗಿತ್ತೆಂಬುದು ವಾರ ಕಳೆದು ಸಾಲು ಮೂಡಿದ ಮೇಲೆ ಊರಿಗೆಲ್ಲ ಕಾಣುತ್ತಿತ್ತು. ಆ ಅಜ್ಜ ಗಾಳಿಯಲ್ಲಿ ಮುಷ್ಟಿ ಹಿಡಿದು, ಕಿರುಬೆರಳಿನ ಸಂದಿಯಿಂದ ಕಾಳು ಹೇಗೆ ಜಾರಬೇಕೆಂದು ತೋರಿಸುತ್ತಿದ್ದರು. ಸಿಮೆಂಟಿನ ಪ್ರತಿಮೆ ನಿಂತಲ್ಲೇ ನಿಂತಿತ್ತು. ವಸ್ತುಸಂಗ್ರಹಾಲಯ ಆ ಹೊತ್ತಿನಲ್ಲಿ ಅಜ್ಜನ ಕೈಯಲ್ಲಿತ್ತು.

ಊರನ್ನೇ ಮತ್ತೆ ಕಟ್ಟಿ ತೋರಿಸುವ ಈ ವಿಧಾನ ಜಗತ್ತಿಗೆ ಬಂದದ್ದು ಉತ್ತರ ಯುರೋಪಿನಿಂದ. 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರ್ಟುರ್ ಹಾಸೆಲಿಯಸ್ ಎಂಬಾತ ಸ್ವೀಡನ್ನಿನ ಬೇರೆ ಬೇರೆ ಸೀಮೆಗಳಿಂದ ಹಳೆಯ ರೈತರ ಮನೆಗಳನ್ನು ಬಿಚ್ಚಿ ತಂದು, ಗುಡ್ಡದ ಮೇಲೆ ಮತ್ತೆ ಜೋಡಿಸಿ, ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದ. ಕಾರ್ಖಾನೆಗಳು ಬಂದು ಹಳ್ಳಿ ಖಾಲಿಯಾಗುತ್ತಿದ್ದ ಕಾಲವದು. ನಮ್ಮಲ್ಲಿ ಅದೇ ಕೆಲಸವನ್ನು ಮಣಿಪಾಲದಲ್ಲಿ ವಿಜಯನಾಥ ಶೆಣೈ ಮಾಡಿದರು. ಅವರು ಉಳಿಸಿದ ಕಟ್ಟಡಗಳಲ್ಲಿ ನಮ್ಮ ನೆರೆಯ ಮುಧೋಳದ ಅರಮನೆಯ ದರ್ಬಾರ್ ಹಾಲ್ ಕೂಡ ಒಂದು. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರ ಜಾನಪದ ಲೋಕ, ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್, ಕನ್ಹೇರಿ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು.

ಇವು ನಮಗೆ ನೆನಪಿರುವ, ಅಥವಾ ನಮ್ಮ ಅಜ್ಜಂದಿರಿಗೆ ನೆನಪಿದ್ದ ಊರುಗಳು. ನೆನಪು ಯಾರಿಗೂ ಉಳಿಯದ ಊರನ್ನು ತೋರಿಸುವುದು ಹೇಗೆ? ಅಲ್ಲಿ ಮಣ್ಣೇ ಮಾತಾಡಬೇಕು. ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನಿಂದ ಕಡಲ ದಾರಿ ಹಿಡಿದ ವೈಕಿಂಗರ, ಅಂದರೆ ನಾರ್ಸ್ ಜನರ, ನೆಲೆಗಳನ್ನು ಇವತ್ತು ಜನ ಹೋಗಿ ನೋಡಿ ಬರುವಂತಾದದ್ದು ಹಾಗೆ ಮಣ್ಣನ್ನು ಮಾತಾಡಿಸಿದ್ದರಿಂದ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರದ ತುದಿಯಲ್ಲಿ ಲಾನ್ಸ್ ಓ ಮೆಡೋಸ್ ಎಂಬ ಮೀನುಗಾರರ ಪುಟ್ಟ ಊರಿದೆ. 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಅಲ್ಲಿಗೆ ಬಂದು, ಹಳೆಯ ಮನೆಗಳ ಗುರುತು ಎಲ್ಲಾದರೂ ಇದೆಯೇ ಎಂದು ವಿಚಾರಿಸಿದ. ಜಾರ್ಜ್ ಡೆಕರ್ ಎಂಬ ಊರಿನವನು ಕರೆದೊಯ್ದು ಹುಲ್ಲು ಬೆಳೆದ ದಿಬ್ಬಗಳನ್ನು ತೋರಿಸಿದ. ಇಂಗ್‌ಸ್ಟಾಡನ ಹೆಂಡತಿ ಆನ್ ಸ್ಟೀನ್ ಪುರಾತತ್ತ್ವಜ್ಞೆ. ಮುಂದಿನ ವರ್ಷದಿಂದ 1968ರವರೆಗೆ ಆಕೆಯ ನೇತೃತ್ವದಲ್ಲಿ ಉತ್ಖನನ ನಡೆಯಿತು. ಹೊರಬಿದ್ದದ್ದು 8 ಕಟ್ಟಡಗಳ ಅಡಿಪಾಯ. ಮರದ ಚೌಕಟ್ಟು, ಅದಕ್ಕೆ ಹೊರಗಿನಿಂದ ಹುಲ್ಲುಹೆಪ್ಪಿನ ದಪ್ಪ ಗೋಡೆ, ಮೇಲೂ ಹುಲ್ಲುಹೆಪ್ಪು, ಉದ್ದನೆಯ ಪಡಸಾಲೆಯ ನಡುವೆ ಒಲೆ. ಗ್ರೀನ್‌ಲ್ಯಾಂಡಿನ ಕಡೆಯಿಂದ ಹಡಗಿನಲ್ಲಿ ಬಂದ ನಾರ್ಸ್ ಜನ ಕಟ್ಟಿಕೊಂಡ ಮನೆಗಳು. ಕೊಲಂಬಸನಿಗಿಂತ ಸುಮಾರು 5 ಶತಮಾನ ಮೊದಲು ಯುರೋಪಿನವರು ಅಮೆರಿಕದ ನೆಲ ಮುಟ್ಟಿದ್ದರೆಂಬುದಕ್ಕೆ ಸಿಕ್ಕ ಗಟ್ಟಿ ಸಾಕ್ಷಿ. 1978ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಮೂಲ ಅಡಿಪಾಯಗಳನ್ನು ಮಣ್ಣಿನಡಿ ಕಾಪಾಡಿ, ಪಕ್ಕದಲ್ಲಿ ಅಂಥದೇ ಮನೆಗಳನ್ನು ಕಟ್ಟಿದ್ದಾರೆ. ಒಳಗೆ ಬೆಂಕಿ ಉರಿಯುತ್ತದೆ, ನಾರ್ಸ್ ಉಡುಪಿನವರು ನೂಲು ತೆಗೆಯುತ್ತಾರೆ, ಬಂದವರ ಪ್ರಶ್ನೆಗೆ ಉತ್ತರ ಹೇಳುತ್ತಾರೆ.

ಆ ನೆಲೆಯನ್ನು ನಾರ್ಸ್ ಜನರದು ಎಂದು ಗುರುತಿಸಿದ್ದು ಖಡ್ಗದಿಂದಲ್ಲ, ಕಿರೀಟದಿಂದಲ್ಲ. ಬಳಪದ ಕಲ್ಲಿನ ಒಂದು ಚಿಕ್ಕ ಬಿಲ್ಲೆ ಸಿಕ್ಕಿತು. ನಡುವೆ ತೂತು. ಕೈಗದಿರಿನ ಕೆಳಗೆ ಭಾರಕ್ಕೆ ಹಾಕುವ ಬಿಲ್ಲೆ. ನೂಲುವುದು ಆ ಸಮಾಜದಲ್ಲಿ ಹೆಂಗಸರ ಕೆಲಸವಾಗಿದ್ದರಿಂದ, ಬಂದವರಲ್ಲಿ ಹೆಂಗಸರೂ ಇದ್ದರೆಂಬ ತೀರ್ಮಾನಕ್ಕೆ ಆ ಬಿಲ್ಲೆ ಆಧಾರವಾಯಿತು. ಕಂಚಿನ ಒಂದು ಉಡುಪಿನ ಪಿನ್ನು ಸಿಕ್ಕಿತು. ಹೊಳೆಯ ದಂಡೆಯಲ್ಲಿ ಕಬ್ಬಿಣದ ಕಿಟ್ಟ ಸಿಕ್ಕಿತು. ಜೌಗಿನಲ್ಲಿ ಸಿಗುವ ಅದಿರನ್ನು ಅಲ್ಲೇ ಕಾಸಿ ಕೆಲವೇ ಕಿಲೋ ಕಬ್ಬಿಣ ತೆಗೆದಿದ್ದರು. ಹಡಗಿನ ಹಲಗೆಗಳಿಗೆ ಬಡಿಯುವ ಮೊಳೆಗೆ ಅಷ್ಟು ಬೇಕಾಗಿತ್ತು. ಅಷ್ಟು ಉತ್ತರದಲ್ಲಿ ಬೆಳೆಯದ ಒಂದು ಬಗೆಯ ಅಕ್ರೋಟದ ಕಾಯಿಗಳು ಸಿಕ್ಕಿದ್ದರಿಂದ ಇವರು ದಕ್ಷಿಣಕ್ಕೂ ದೂರ ಹೋಗಿ ಬಂದಿದ್ದರೆಂದು ತಿಳಿಯಿತು. ಸಿಪ್ಪೆ, ಕಿಟ್ಟ, ಬಿಲ್ಲೆ, ಹೀಗೆ ಬಿಸಾಕಿದ್ದು, ಕಳೆದುಹೋದದ್ದು ಸೇರಿ ಒಂದು ಊರಿನ ಬಾಳುವೆ ಹೊರಬಂತು.

ಕಾಲ ಗೊತ್ತಾದ ಬಗೆಯಂತೂ ಮಕ್ಕಳಿಗೆ ಕೂತು ಹೇಳಬೇಕಾದ್ದು. ಸೂರ್ಯನ ಕಡೆಯಿಂದ ಬಂದ ಭಾರೀ ವಿಕಿರಣದಿಂದ ಕ್ರಿ.ಶ. 993ರಲ್ಲಿ ವಾತಾವರಣದಲ್ಲಿ ರೇಡಿಯೋ ಇಂಗಾಲ ಒಮ್ಮೆಲೇ ಏರಿತು. ಆ ವರ್ಷ ಜಗತ್ತಿನ ಯಾವ ಮರ ಬೆಳೆದಿದ್ದರೂ ಅದರ ಆ ವರ್ಷದ ಉಂಗುರದಲ್ಲಿ ಆ ಏರಿಕೆಯ ಗುರುತಿದೆ. ಲಾನ್ಸ್ ಓ ಮೆಡೋಸ್‌ನಲ್ಲಿ ಕಬ್ಬಿಣದ ಹತಾರದಿಂದ ಕಡಿದ ಮರದ ತುಂಡುಗಳು ಸಿಕ್ಕಿದ್ದವು, ತೊಗಟೆ ಇನ್ನೂ ಅಂಟಿಕೊಂಡಿತ್ತು. ಗುರುತಿನ ಉಂಗುರದಿಂದ ತೊಗಟೆಯವರೆಗೆ ಎಣಿಸಿದರೆ 28. ಅಲ್ಲಿಗೆ ಮರ ಕಡಿದದ್ದು 1021ರಲ್ಲಿ. ಮೂರು ಬೇರೆ ಬೇರೆ ಮರಗಳು ಇದೇ ವರ್ಷವನ್ನು ಹೇಳಿದವು. ಈ ಸಂಶೋಧನೆ 2021ರಲ್ಲಿ ಪ್ರಕಟವಾಯಿತು, ಆ ಕೊಡಲಿ ಏಟಿಗೆ ಸರಿಯಾಗಿ ಸಾವಿರ ವರ್ಷ ತುಂಬಿದಾಗ. ಅದೇ 1021ರಲ್ಲಿ ನಮ್ಮ ಸೀಮೆಯನ್ನು ಆಳುತ್ತಿದ್ದವನು ಚಾಲುಕ್ಯರ ಇಮ್ಮಡಿ ಜಯಸಿಂಹ. ಅವನ ಕಾಲದ ಶಾಸನಗಳಲ್ಲಿ ದಾನ ಕೊಟ್ಟ ತಿಂಗಳು, ತಿಥಿ, ವಾರ ಎಲ್ಲ ಇವೆ. ದಾನ ಪಡೆದ ಹೊಲದಲ್ಲಿ ದುಡಿದವನ ಮನೆ ಹೇಗಿತ್ತು, ಒಲೆ ಎಲ್ಲಿತ್ತು ಎಂದು ಶಾಸನ ಹೇಳುವುದಿಲ್ಲ. ಅದಕ್ಕೆ ನೆಲ ಅಗೆಯಲೇಬೇಕು.

ಆ ಕದಿರಿನ ಬಿಲ್ಲೆಯನ್ನು ನಮ್ಮವರು ಬೇಗ ಗುರುತಿಸಿಯಾರು. ಗೋಕಾಕ, ಹುಕ್ಕೇರಿ ಭಾಗದ ಕುರುಬರ ಮನೆಗಳಲ್ಲಿ ಉಣ್ಣೆ ನೂತು ಕಂಬಳಿ ನೇಯುವುದು ಇನ್ನೂ ಪೂರ್ತಿ ನಿಂತಿಲ್ಲ. ಕುರಿ ಕಾಯುತ್ತಾ ನಡೆಯುವಾಗಲೂ ಕದಿರು ತಿರುಗಿಸಬಹುದು. ವೈಕಿಂಗರ ಹಡಗಿನ ಹಾಯಿಯೂ ಉಣ್ಣೆಯದೇ ಆಗಿತ್ತು ಎಂದರೆ ನಮ್ಮ ಕಂಬಳಿ ನೇಕಾರರಿಗೆ ಅಚ್ಚರಿಯಾದೀತು. ಒಂದು ದೊಡ್ಡ ಹಾಯಿಗೆ ನೂರಾರು ಕುರಿಗಳ ಉಣ್ಣೆ ಬೇಕು. ಅದನ್ನು ನೂತು ನೇಯಲು ಹತ್ತಾರು ಹೆಂಗಸರ ವರ್ಷಗಟ್ಟಲೆ ದುಡಿಮೆ ಬೇಕು. ಗಾಳಿ ಎಳೆಗಳ ನಡುವೆ ತೂರಿ ಹೋಗಬಾರದೆಂದು ಅವರು ಹಾಯಿಗೆ ಪ್ರಾಣಿಯ ಕೊಬ್ಬು, ಮರದ ಟಾರು, ಕೆಮ್ಮಣ್ಣು ಬಳಿಯುತ್ತಿದ್ದರು. ನಮ್ಮವರು ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ, ಮಳೆಯ ಹನಿ ಇಳಿದು ಹೋಗಲೆಂದು. ಸಮುದ್ರ ದಾಟಿದ ಆ ಹಡಗುಗಳ ಮಾತು ಬಂದಾಗ ಗಡ್ಡದ ವೀರರ ಚಿತ್ರವೇ ಕಣ್ಣಿಗೆ ಬರುತ್ತದೆ. ಕದಿರು ತಿರುಗಿಸುತ್ತಾ ಚಳಿಗಾಲ ಕಳೆದ ಹೆಂಗಸರಿಲ್ಲದೆ ಒಂದು ಹಡಗೂ ದಂಡೆ ಬಿಡುತ್ತಿರಲಿಲ್ಲ.

ಇಂಥ ಅಗೆದು ತೆಗೆದ ಊರು ನಮ್ಮ ಹತ್ತಿರ ಇದೆಯೇ? ಇದೆ, ಕನ್ಹೇರಿಯಿಂದ ಕೂಗಳತೆಯಲ್ಲೇ. ಕೊಲ್ಲಾಪುರದ ಪಂಚಗಂಗಾ ದಂಡೆಯ ಬ್ರಹ್ಮಪುರಿ ಗುಡ್ಡ. ಅದನ್ನು ಮೊದಲು ಅಗೆಸಿದವರು ನಮ್ಮವರು. ಗೋಕಾಕ ಸೀಮೆಯ ಕೌಜಲಗಿಯಲ್ಲಿ 1895ರಲ್ಲಿ ಹುಟ್ಟಿದ ಪ್ರೊ. ಕೆ.ಜಿ. ಕುಂದಣಗಾರರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಉತ್ತರ ಕರ್ನಾಟಕದ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಹುಡುಕಿ, ಓದಿ, 1939ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕೊಲ್ಲಾಪುರವನ್ನು ಆಳಿದ ಶಿಲಾಹಾರರು ಕನ್ನಡದಲ್ಲಿ ಶಾಸನ ಬರೆಸಿದವರೆಂಬುದನ್ನು ಕಲ್ಲು ಮುಟ್ಟಿ ತೋರಿಸಿದವರಲ್ಲಿ ಅವರು ಪ್ರಮುಖರು. 1961ರಲ್ಲಿ ಗದಗಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಮ್ಮ ತಾಲೂಕುಗಳ ಮಕ್ಕಳಿಗೆ ಈ ಹೆಸರು ಶಾಲೆಯಲ್ಲೇ ಪರಿಚಯವಾಗಬೇಕೆಂಬುದು ನನ್ನ ಬಹುದಿನದ ಆಸೆ.

1944-45ರಲ್ಲಿ ಕುಂದಣಗಾರರು ಬ್ರಹ್ಮಪುರಿಯಲ್ಲಿ ಅಗೆಸಿದಾಗ ಶಾತವಾಹನರ ಕಾಲದ ಇಟ್ಟಿಗೆಯ ಮನೆಗಳು ಹೊರಬಿದ್ದವು. ಕಂಚಿನ ಸಾಮಾನುಗಳ ಒಂದು ದೊಡ್ಡ ನಿಧಿಯೂ ಸಿಕ್ಕಿತು. ಅದರಲ್ಲಿ ಆನೆಯ ಮೇಲೆ ಕುಳಿತ ಸವಾರರ ಪುಟ್ಟ ಪ್ರತಿಮೆಯಿದೆ, ಕನ್ನಡಿಯಿದೆ, ಪಾತ್ರೆಗಳಿವೆ. ಇವೆಲ್ಲದರ ನಡುವೆ ಗ್ರೀಕರ ಕಡಲದೇವರು ಪೊಸೈಡನ್ ನಿಂತಿದ್ದಾನೆ. ಅಂಗೈ ಮೇಲೆ ನಿಲ್ಲಿಸಬಹುದಾದಷ್ಟು ಎತ್ತರದ ಗಡ್ಡದ ದೇವರು, ರೋಮನ್ ಸಾಮ್ರಾಜ್ಯದ ಕಡೆ ಎರಕವಾಗಿ ಬಂದವನು. ಅದರ ಬೆನ್ನಿಗೇ, 1945-46ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಪದರ ಪದರವಾಗಿ ಅಗೆದು ಶಾತವಾಹನ, ಶಿಲಾಹಾರ, ಬಹಮನಿ ಕಾಲಗಳ ಬದುಕನ್ನು ಬೇರ್ಪಡಿಸಿದರು. ಮೇಲಿನ ಪದರಗಳಲ್ಲಿ ಬಣ್ಣಬಣ್ಣದ ಗಾಜಿನ ಬಳೆಗಳು. ಒಂದೇ ಗುಡ್ಡದಲ್ಲಿ, ಒಂದರ ಮೇಲೊಂದು, ಸುಮಾರು ಒಂದೂವರೆ ಸಾವಿರ ವರ್ಷದ ಬಾಳುವೆ.

ಆ ವಸ್ತುಗಳಿಗಾಗಿಯೇ 1946ರಲ್ಲಿ ಕೊಲ್ಲಾಪುರದಲ್ಲಿ ವಸ್ತುಸಂಗ್ರಹಾಲಯ ಶುರುವಾಯಿತು. ಈಗ ಅದು ಟೌನ್ ಹಾಲ್‌ನಲ್ಲಿದೆ. ಚಾರ್ಲ್ಸ್ ಮ್ಯಾಂಟ್ 1870ರ ದಶಕದಲ್ಲಿ ಕಟ್ಟಿದ, ಚೂಪು ಗೋಪುರಗಳ ಕಲ್ಲಿನ ಕಟ್ಟಡ. ಕನ್ಹೇರಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್. ಪ್ರವಾಸದ ಬಸ್ಸುಗಳು ಮಹಾಲಕ್ಷ್ಮಿ ಗುಡಿಗೆ, ರಂಕಾಳ ಕೆರೆಗೆ ಹೋಗುತ್ತವೆ. ಟೌನ್ ಹಾಲ್ ಮುಂದೆ ನಿಲ್ಲುವುದು ಅಪರೂಪ. ಅಲ್ಲಿ ಆಳೆತ್ತರದ ಪ್ರತಿಮೆಗಳಿಲ್ಲ, ಗಾಜಿನ ಪೆಟ್ಟಿಗೆಗಳಿವೆ. ಕಥೆ ಹೇಳುವವರಿಲ್ಲದಿದ್ದರೆ ಮಕ್ಕಳು ಆ ಗಾಜಿನ ಮುಂದೆ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಹೇಳುವವರಿದ್ದರೆ ಮಾತ್ರ ಆ ಪೊಸೈಡನ್ ಮುಂದೆ ಇಡೀ ತರಗತಿಯನ್ನು ಅರ್ಧ ತಾಸು ಹಿಡಿದಿಡಬಹುದು.

ಏಕೆಂದರೆ ಅವನಿಗೊಬ್ಬ ಜೊತೆಗಾರನಿದ್ದಾನೆ. 1950ರ ದಶಕದಲ್ಲಿ ಸ್ವೀಡನ್ನಿನ ಹೆಲ್ಗೋ ಎಂಬ ದ್ವೀಪದಲ್ಲಿ, ವೈಕಿಂಗರ ಕಾಲದ ಹಾಗೂ ಅದಕ್ಕೂ ಮುಂಚಿನ ಒಂದು ವ್ಯಾಪಾರದ ನೆಲೆಯನ್ನು ಅಗೆಯುವಾಗ, ಕಂಚಿನ ಪುಟ್ಟ ಬುದ್ಧ ಸಿಕ್ಕಿದ. ಪದ್ಮದ ಮೇಲೆ ಕುಳಿತ ಬುದ್ಧ, ಭಾರತ ಉಪಖಂಡದ ವಾಯವ್ಯ ಮೂಲೆಯಲ್ಲಿ 6ನೇ ಶತಮಾನದ ಹೊತ್ತಿಗೆ ಎರಕವಾದವನು. ಅಲ್ಲಿಂದ ಸ್ವೀಡನ್ನಿಗೆ ಯಾವ ಒಂಟೆ, ಯಾವ ದೋಣಿ, ಎಷ್ಟು ಕೈ ದಾಟಿ ಹೋದನೋ. ಪಂಚಗಂಗೆಯ ದಂಡೆಯ ಮನೆಗೆ ಗ್ರೀಕರ ದೇವರು, ಬಾಲ್ಟಿಕ್ ಕಡೆಯ ದ್ವೀಪಕ್ಕೆ ನಮ್ಮ ಬುದ್ಧ. ಎರಡೂ ಕಡೆಯ ಮನೆಯವರು ಅವರನ್ನು ದೇವರ ಕೋಣೆಯಲ್ಲಿಟ್ಟರೋ, ಅಪರೂಪದ ವಸ್ತುವೆಂದು ಇಟ್ಟುಕೊಂಡರೋ, ಮಣ್ಣು ಅದನ್ನು ಹೇಳಿಲ್ಲ. ಕೊಂಡು ತಂದವರಿದ್ದರು, ಜೋಪಾನ ಮಾಡಿದವರಿದ್ದರು ಎಂಬುದಂತೂ ನಿಜ.

ಇದನ್ನು ನೋಡಿದ ಮೇಲೆ ಕನ್ಹೇರಿಯ ಊರನ್ನು ನೋಡುವ ಕಣ್ಣು ಬದಲಾಗುತ್ತದೆ. ಅಲ್ಲಿ ತೋರಿಸಿರುವುದು ಸ್ವಾವಲಂಬಿ ಗ್ರಾಮ, ಹೊರಗಿನವರ ಹಂಗಿಲ್ಲದೆ ತನ್ನ ಬೇಕುಬೇಡ ತಾನೇ ನೀಗಿಸಿಕೊಂಡ ಊರು. ಅದರಲ್ಲಿ ಸತ್ಯವಿದೆ. ನೇಗಿಲು, ಮಡಿಕೆ, ಚಪ್ಪಲಿ, ಕಂಬಳಿ, ಎಣ್ಣೆ, ಎಲ್ಲ ಊರಲ್ಲೇ ಆಗುತ್ತಿತ್ತು. ಆದರೆ ಉಪ್ಪು ಆಗುತ್ತಿರಲಿಲ್ಲ. ಅದು ಕೊಂಕಣದಿಂದ ಘಟ್ಟ ಹತ್ತಿ ಬರಬೇಕಿತ್ತು. ಸಂಕೇಶ್ವರ ದೊಡ್ಡ ಪೇಟೆಯಾದದ್ದಕ್ಕೆ ಒಂದು ಕಾರಣವೇ ಆ ದಾರಿ: ಗಡಹಿಂಗ್ಲಜ, ಆಜರಾ, ಆಂಬೋಲಿ ಘಾಟ್, ಸಾವಂತವಾಡಿ, ವೆಂಗುರ್ಲಾ ಬಂದರು. ಹೋಗುವಾಗ ಬೆಲ್ಲ, ಕಾಳು. ಬರುವಾಗ ಉಪ್ಪು, ತೆಂಗು, ಒಣಮೀನು.

ಇನ್ನು ಸಂಕೇಶ್ವರದ ಹೆಸರನ್ನೇ ಹೊತ್ತ ಒಣಮೆಣಸಿನಕಾಯಿ. ಮಹಾರಾಷ್ಟ್ರದ ಪೇಟೆಗಳಲ್ಲಿ ಸಂಕೇಶ್ವರಿ ಮಿರ್ಚಿ ಎಂದು ಕೇಳಿ ಕೊಳ್ಳುತ್ತಾರೆ. ಕೊಲ್ಲಾಪುರದ ಖಾರದ ಪುಡಿಗೆ ಅದು ಬೇಕೇ ಬೇಕು. ಆ ಗಿಡದ ಮೂಲ ಅಮೆರಿಕ. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲೀಕೋಟೆಗೆ ಬಂದ ಮೇಲೆ, ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಇಳಿದು, ಅಲ್ಲಿಂದ ಒಳನಾಡಿಗೆ ಬಂದದ್ದು. ಶೇಂಗಾ, ಗೋವಿನಜೋಳ, ನಿಪ್ಪಾಣಿಯ ತಂಬಾಕು, ಇವುಗಳ ಮೂಲವೂ ಅಮೆರಿಕವೇ. ಜಯಸಿಂಹನ ಕಾಲದ ರೊಟ್ಟಿಯ ಜೊತೆ ಕೆಂಪು ಖಾರವಿರಲಿಲ್ಲ, ಶೇಂಗಾ ಚಟ್ನಿಯೂ ಇರಲಿಲ್ಲ. ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ. ಲಾನ್ಸ್ ಓ ಮೆಡೋಸ್‌ನ ನಾರ್ಸ್ ಜನ ಅದೇ ಖಂಡದ ದಂಡೆಯಲ್ಲಿ ಮನೆ ಕಟ್ಟಿದ್ದರೂ ಮೆಣಸಿನ ಗಿಡ ಬೆಳೆಯುವ ಸೀಮೆ ಅವರಿಗೆ ಸಾವಿರಾರು ಮೈಲಿ ದೂರವಿತ್ತು. ಹೆಚ್ಚು ಕಾಲ ಅವರು ಅಲ್ಲಿ ನಿಲ್ಲಲೂ ಇಲ್ಲ. ಅವರು ಹೋಗಿ ಬಂದದ್ದರಿಂದ ನಮ್ಮ ಒಲೆಯ ಮೇಲೆ ಏನೂ ಬದಲಾಗಲಿಲ್ಲ. ಕೊಲಂಬಸನ ನಂತರದ ಹಡಗುಗಳಿಂದ ಬದಲಾಯಿತು. ಹಳೆಯ ಊರಿನ ಪ್ರತಿಮೆಗಳ ಮುಂದೆ ನಿಂತಾಗ ಮಕ್ಕಳನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ಮನೆಯ ಅಡುಗೆಯಲ್ಲಿ ಏನೇನು ಇದ್ದಿರಬಹುದು, ಏನೇನು ಇರಲಿಲ್ಲ?

ಎರಡನೆಯ ಪ್ರಶ್ನೆ ಕಠಿಣವಾದದ್ದು. ಆಯಗಾರರ ಆ ವ್ಯವಸ್ಥೆಯಲ್ಲಿ ಯಾರ ಮನೆ ಎಲ್ಲಿತ್ತು? ದಲಿತರ ಕೇರಿ ಊರ ಹೊರಗಿತ್ತು. ಬಾವಿಯ ಕಟ್ಟೆಯ ಮೇಲೆ ಎಲ್ಲ ಹೆಣ್ಣುಮಕ್ಕಳಿಗೂ ಜಾಗವಿರಲಿಲ್ಲ. ಮಾಡುವ ಕೆಲಸವನ್ನು ಬಿಡುವ ಹಕ್ಕು ಮಾಡುವವನಿಗಿರಲಿಲ್ಲ. ಕಣದಲ್ಲಿ ಸಿಗುವ ಪಾಲು ಒಬ್ಬೊಬ್ಬರಿಗೆ ಒಂದೊಂದು ಅಳತೆ. ಕನ್ಹೇರಿ ಯಾವ ಸಂಸ್ಥಾನದಲ್ಲಿತ್ತೋ ಆ ಕೊಲ್ಲಾಪುರದ ಅರಸ ಶಾಹೂ ಮಹಾರಾಜರೇ 1918ರಲ್ಲಿ ಬಲುತೇದಾರಿಯ ಕಟ್ಟನ್ನೂ ದಲಿತರನ್ನು ಊರ ಚಾಕರಿಗೆ ಕಟ್ಟಿಹಾಕಿದ್ದ ಮಹಾರ ವತನವನ್ನೂ ರದ್ದು ಮಾಡಿದರು. ಮುಂಬಯಿ ಪ್ರಾಂತದಲ್ಲಿ ಮಹಾರ ವತನದ ವಿರುದ್ಧ ಅಂಬೇಡ್ಕರ್ ವರ್ಷಗಟ್ಟಲೆ ಹೋರಾಡಿದರು. ಆ ಕಟ್ಟು ಅಷ್ಟು ಹಿತವಾಗಿದ್ದರೆ ಕಳಚಲು ಅವರಿಗೆ ಅಷ್ಟು ಶ್ರಮ ಬೇಕಿರಲಿಲ್ಲ. ವೈಕಿಂಗರ ಉದ್ದ ಮನೆಗಳಿಗೂ ಇದೇ ಮಾತು. ಆ ಸಮಾಜದಲ್ಲಿ ಥ್ರಾಲ್ ಎಂಬ ಗುಲಾಮರಿದ್ದರು. ದಾಳಿಯಲ್ಲಿ ಹಿಡಿದು ತಂದವರು, ಗುಲಾಮರ ಹೊಟ್ಟೆಯಲ್ಲಿ ಹುಟ್ಟಿದವರು. ಹಿಂದಿನ ಊರನ್ನು ಪ್ರೀತಿಯಿಂದ ನೋಡಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆ ಪ್ರೀತಿ ಊರ ಹೊರಗಿನ ಕೇರಿಯವರೆಗೂ ನಡೆದು ಹೋಗಬೇಕು.

ಉಳಿದದ್ದು ನಮ್ಮ ಕಣ್ಣೆದುರಿನ ಊರುಗಳ ಮಾತು. ಬೆಳಗಾವಿಯ ವಡಗಾಂವ-ಮಾಧವಪುರದಲ್ಲಿ 1970ರ ದಶಕದಲ್ಲಿ ಅ. ಸುಂದರ ಅವರು ಅಗೆಸಿದಾಗ ಶಾತವಾಹನರ ಕಾಲದ ಒಂದು ಪಟ್ಟಣವೇ ಕಂಡಿತು. ಇಂದು ಅದರ ಸುತ್ತ ಮನೆಗಳು, ಮಗ್ಗಗಳು. ಇಷ್ಟು ಹಳೆಯದೇ ಬೇಕೆಂದಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯಕ್ಕಾಗಿ ಘಟಪ್ರಭೆಯ ದಂಡೆಯ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಬರುತ್ತದೆ, ಜನ ನೋಡಲು ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ. ಆ ಗುಡಿಯ ಸುತ್ತ ಒಂದು ಊರಿತ್ತಲ್ಲ, ಅದರ ಓಣಿಗಳು ಹೇಗಿದ್ದವು, ಯಾರ ಹಗೇವು ಎಲ್ಲಿತ್ತು, ಎಷ್ಟು ಚೀಲ ಜೋಳ ಹಿಡಿಯುತ್ತಿತ್ತು ಎಂದು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರೆಲ್ಲ ಎಪ್ಪತ್ತು ದಾಟಿದವರು. ಶಾಲೆಯ ಮಕ್ಕಳು ಒಂದು ದೊಡ್ಡ ಹಾಳೆ ಹಾಸಿ, ಅವರನ್ನು ಕೂರಿಸಿಕೊಂಡು, ಅವರು ಹೇಳಿದಂತೆ ಮನೆ ಮನೆ ಗುರುತಿಸುತ್ತಾ ಹೋದರೆ ಒಂದು ವಾರದಲ್ಲಿ ಮುಳುಗಿದ ಊರಿನ ನಕ್ಷೆ ಸಿದ್ಧ. ಅದಕ್ಕೆ ಪುರಾತತ್ತ್ವ ಇಲಾಖೆಯ ಅಪ್ಪಣೆ ಬೇಡ, ಸಿಮೆಂಟೂ ಬೇಡ.

ಸಂಕೇಶ್ವರದ ಸಮೀಪದ ಒಂದು ಹಳ್ಳಿಯಲ್ಲಿ ನನಗೆ ಪರಿಚಯದ ಕಮ್ಮಾರರೊಬ್ಬರಿದ್ದಾರೆ. ಕುಡಗೋಲು, ಕುರ್ಚಿಗೆ, ಕುಂಟೆಯ ಕುಡ ಹದ ಮಾಡಿಕೊಡುತ್ತಾರೆ. ತಿದಿಯ ಜಾಗಕ್ಕೆ ವಿದ್ಯುತ್ತಿನ ಫ್ಯಾನು ಬಂದಿದೆ, ಅಡಿಗಲ್ಲು ಅವರ ಅಜ್ಜನ ಕಾಲದ್ದು. ಕುಡಗೋಲಿನ ಬಾಯಿಗೆ ಹದ ಕೊಡುವುದು ಹೇಗೆ ಎಂದು ಕೇಳಿದೆ. ಮಾತಿಗಿಂತ ಮುಂಚೆ ಮಾಡಿಯೇ ತೋರಿಸಿದರು. ಕೆಂಪಗೆ ಕಾದ ಬಾಯಿಯನ್ನು ನೀರಿಗೆ ಅದ್ದಿ ತೆಗೆದು, ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆ ಉಳಿದ ಕಾವು ಬಾಯಿಯ ಕಡೆ ಹರಿಯುವುದನ್ನು ಕಾಯುತ್ತಾ ಕುಳಿತರು. ಲೋಹದ ಮೇಲೆ ಬಣ್ಣ ತೆಳ್ಳಗೆ ಸರಿಯತೊಡಗಿತು.

“ಈಗ ನೋಡ್ರಿ, ಒಣಹುಲ್ಲಿನ ಬಣ್ಣ ಬರಾಕತ್ತೇತಿ. ಇದ ಹೊತ್ತಿಗೆ ಮತ್ತ ನೀರಿಗೆ ಬಿಡಬೇಕು. ನೀಲಿ ಬಂತಂದ್ರ ತಡಾ ಆತು, ಬಾಯಿ ಮೆತ್ತಗಾಗತೈತಿ. ಮೊದಲನ ಬಿಟ್ರ ಬಿರುಸಾಗಿ ಹಲ್ಲ ಮುರೀತೈತಿ.”

ಇದನ್ನು ಯಾರಿಗೆ ಕಲಿಸಿದ್ದೀರಿ ಎಂದೆ. ಮಗ ನಿಪ್ಪಾಣಿಯಲ್ಲಿ ವೆಲ್ಡಿಂಗ್ ಮಾಡುತ್ತಾನೆ, ಅದರಲ್ಲೇ ನಾಲ್ಕು ಕಾಸು ಬರುತ್ತದೆ, ಅವನು ಮಾಡಿದ್ದು ಸರಿಯೇ ಎಂದರು. ಲಾನ್ಸ್ ಓ ಮೆಡೋಸ್‌ನ ಹೊಳೆಯ ದಂಡೆಯಲ್ಲಿ ಸಾವಿರ ವರ್ಷದ ಹಿಂದೆ ಹಡಗಿನ ಮೊಳೆ ಬಡಿದವನೂ ಕಾದ ಕಬ್ಬಿಣದ ಬಣ್ಣ ನೋಡುತ್ತಲೇ ಕುಳಿತಿದ್ದ. ಅವನಿಂದ ನಮಗೆ ಉಳಿದದ್ದು ಕಿಟ್ಟ ಮಾತ್ರ. ಇವರಿಂದ ಕೈಯ ಚಲನೆ, ಮಾತು, ಬಣ್ಣದ ಹೆಸರು, ಎಲ್ಲವನ್ನೂ ಒಂದು ಮೊಬೈಲಿನಲ್ಲಿ ಹಿಡಿದಿಡಬಹುದು. ಶಾಲೆಯ ಹುಡುಗರನ್ನು ಕರೆತಂದು ವಿಡಿಯೋ ಮಾಡಿಸಿದರೆ ಆಗಬಹುದೇ ಎಂದು ಕೇಳಿದೆ. ಕುಡಗೋಲನ್ನು ನೀರಿನಿಂದ ಎತ್ತಿ, ಹೆಬ್ಬೆರಳಿನಿಂದ ಬಾಯಿ ಸವರಿ ನೋಡುತ್ತಲೇ ಹೇಳಿದರು:

“ಸಂತಿ ದಿನಾ ಒಂದ್ ಬಿಟ್ಟು ಯಾವಾಗರೆ ಬರ್ರಿ. ಮುಂಜಾನಿ ಬಂದ್ರ ಚಲೋ, ಬಿಸಲಾಗ ಬಣ್ಣ ಕಾಣೂದಿಲ್ಲ.”